ಊರು ಮಲಗಿತು, ಎಲ್ಲರೂ ಕಣ್ಣು ಮುಚ್ಚಿ

ತೀರ್ಥಹಳ್ಳಿ ಕಡೆಯ ನೆಂಟರ ಮನೆ. ಮದುವೆ ಮುಗಿದು ಬೀಗರೆಲ್ಲ ಹೊರಟುಹೋಗಿದ್ದರು. ಅಂಗಳದ ಚಪ್ಪರ ಮಳೆಗೆ ತೊಯ್ದು ಜೋತುಬಿದ್ದಿತ್ತು. ಸಂಜೆ ಹೋದ ಕರೆಂಟು ಬರುವ ಲಕ್ಷಣ ಕಾಣಲಿಲ್ಲ. ಜಗಲಿಯ ನಡುವೆ ಒಂದು ಚಾರ್ಜರ್ ಲೈಟ್ ಇಟ್ಟುಕೊಂಡು ಎಂಟು ಜನ ಸುತ್ತ ಕೂತರು. ನಾನು ಆಟ ಆಡಿಸುವವನು.

"ಊರು ಮಲಗಿತು. ಎಲ್ಲರೂ ಕಣ್ಣು ಮುಚ್ಚಿ. ಮಾಫಿಯಾ, ಕಣ್ಣು ಬಿಡಿ. ಯಾರನ್ನ ತೆಗೀತೀರಿ, ತೋರಿಸಿ."

ಝಲ್ ಅಂತ ಬಳೆ ಸದ್ದಾಯಿತು.

ಮದುವೆಯ ಹಿಂದಿನ ದಿನ ಬಳೆಗಾರ ಬಂದು ಮನೆಯ ಹೆಂಗಸರಿಗೆಲ್ಲ ಕೈತುಂಬ ಹಸಿರು ಗಾಜಿನ ಬಳೆ ತೊಡಿಸಿ ಹೋಗಿದ್ದ. ಬೆರಳೆತ್ತಿ ಒಬ್ಬರತ್ತ ತೋರಿಸಲು ಕೈ ಚಾಚಿದ್ದೇ ತಡ, ಡಜನ್ ಬಳೆ ಒಟ್ಟಿಗೆ ಜಾರಿದವು. ಕೂತವರಲ್ಲಿ ಹೆಂಗಸರು ಮೂವರು, ಸದ್ದು ಬಂದದ್ದು ಕಂಬದ ಪಕ್ಕದಿಂದ. ನಾನು "ಬೆಳಗಾಯಿತು" ಅನ್ನುವ ಮೊದಲೇ ಏಳು ಜನರಿಗೂ ಅಲ್ಲಿ ಕೂತಿದ್ದ ಸಣ್ಣತ್ತೆಯ ಗುಟ್ಟು ಗೊತ್ತಾಗಿಹೋಗಿತ್ತು.

ಈ ಆಟ ಆಡದವರಿಗಾಗಿ ಸ್ವಲ್ಪ ವಿವರ. ಎಲ್ಲರಿಗೂ ಒಂದೊಂದು ಚೀಟಿ. ಒಬ್ಬಿಬ್ಬರದರಲ್ಲಿ ಮಾಫಿಯಾ ಎಂದು ಬರೆದಿರುತ್ತದೆ. ಬೇಕಿದ್ದರೆ ಒಬ್ಬ ಪೊಲೀಸ್, ಒಬ್ಬ ಡಾಕ್ಟರ್. ಉಳಿದವರೆಲ್ಲ ಬರಿಯ ಊರಿನವರು. ರಾತ್ರಿ ಎಲ್ಲರೂ ಕಣ್ಣು ಮುಚ್ಚಿರುವಾಗ ಮಾಫಿಯಾ ಎದ್ದು ಒಬ್ಬರನ್ನು ಮುಗಿಸುತ್ತದೆ. ಪೊಲೀಸ್ ಎದ್ದು ಒಬ್ಬರನ್ನು ತೋರಿಸಿದರೆ, ಆಡಿಸುವವನು ಹೌದೋ ಅಲ್ಲವೋ ತಲೆಯಾಡಿಸಿ ತಿಳಿಸುತ್ತಾನೆ. ಡಾಕ್ಟರ್ ಯಾರನ್ನಾದರೂ ಒಬ್ಬರನ್ನು ಉಳಿಸಬಹುದು. ಬೆಳಗಾದ ಮೇಲೆ ಬದುಕಿರುವವರು ಜಗಳಾಡಿ, ಓಟು ಹಾಕಿ, ಅನುಮಾನ ಬಂದವರನ್ನು ಹೊರಗೆ ಕಳಿಸುತ್ತಾರೆ. ಮಾಫಿಯಾ ಸಿಕ್ಕಿಬಿದ್ದರೆ ಊರು ಗೆದ್ದಿತು. ಮಾಫಿಯಾದವರೂ ಊರಿನವರೂ ಸರಿಸಮ ಉಳಿದರೆ ಊರು ಸೋತಿತು. ಆಡಿಸುವವನಿಗೆ ನಮ್ಮ ಹಾಸ್ಟೆಲುಗಳಲ್ಲಿ 'ಗಾಡ್' ಎಂದೇ ಹೆಸರು. ಆ ರಾತ್ರಿ ಜಗಲಿಯಲ್ಲೂ ನನ್ನನ್ನು "ದೇವರೇ" ಎಂದೇ ಕರೆಯುತ್ತಿದ್ದರು, ಅರ್ಧ ಗೇಲಿ ಬೆರೆಸಿ.

'ಮಾಫಿಯಾ' ಎಂಬ ಈ ಆಟ ಹುಟ್ಟಿದ್ದು ಮಾಸ್ಕೋದಲ್ಲಿ. 1986–87ರ ಆಸುಪಾಸಿನಲ್ಲಿ ಮಾಸ್ಕೋ ಸ್ಟೇಟ್ ಯೂನಿವರ್ಸಿಟಿಯ ಮನಃಶಾಸ್ತ್ರ ವಿಭಾಗದಲ್ಲಿದ್ದ ದಿಮಿತ್ರಿ ದಾವಿದೋಫ್ ಇದನ್ನು ಕಟ್ಟಿದ. ಅವನು ಎದುರಿಗಿಟ್ಟುಕೊಂಡ ಪ್ರಶ್ನೆ ಸರಳ: ಎಲ್ಲ ಗೊತ್ತಿರುವ ಕೆಲವರು, ಏನೂ ಗೊತ್ತಿರದ ಹಲವರು ಒಂದೇ ಕೋಣೆಯಲ್ಲಿದ್ದರೆ ಯಾರ ಕೈ ಮೇಲಾಗುತ್ತದೆ? ಹಾಸ್ಟೆಲು, ಬೇಸಿಗೆ ಶಿಬಿರ ಎಂದು ಆಟ ದಾಟುತ್ತ ಹೋಯಿತು. 1997ರಲ್ಲಿ ಅಮೆರಿಕದ ಆಂಡ್ರ್ಯೂ ಪ್ಲಾಟ್ಕಿನ್ ಮಾಫಿಯಾದ ಜಾಗಕ್ಕೆ ರಾತ್ರಿ ತೋಳವಾಗುವ ಮನುಷ್ಯನನ್ನು ತಂದು ಕೂರಿಸಿದ. ಅಲ್ಲಿಂದ 'ವೇರ್‌ವುಲ್ಫ್' ಎಂಬ ಇನ್ನೊಂದು ಹೆಸರು ಬಂತು. ಲಾಕ್‌ಡೌನಿನ ವರ್ಷ ಮಕ್ಕಳೆಲ್ಲ ಮೊಬೈಲಿನಲ್ಲಿ ಮುಳುಗಿದ್ದ 'ಅಮಾಂಗ್ ಅಸ್' ಇದರದೇ ಮೊಮ್ಮಗ.

ನಮಗೆ ಇದರ ದೂರದ ನೆಂಟ ಮೊದಲೇ ಗೊತ್ತು. ಕೊನೆಯ ಬೆಂಚಿನಲ್ಲಿ ಕೂತು ಆಡುತ್ತಿದ್ದ ರಾಜ-ರಾಣಿ-ಕಳ್ಳ-ಪೊಲೀಸ್. ರಾಜ ಹೇಳಿದ ಮೇಲೆ ಪೊಲೀಸ್ ಎದ್ದು, ಉಳಿದ ಇಬ್ಬರಲ್ಲಿ ಕಳ್ಳನನ್ನು ಹಿಡಿಯಬೇಕು. ಅರ್ಧಕ್ಕರ್ಧ ಅದೃಷ್ಟ, ಉಳಿದರ್ಧ ಮುಖ ನೋಡುವುದು ಎಂದು ನಾವು ನಂಬಿದ್ದೆವು. ಆದರೆ ನೋಟ್‌ಬುಕ್ಕಿನ ಹಾಳೆ ಹರಿದು ಚೀಟಿ ಮಾಡಿದವನಿಗೆ ಯಾವ ತುಂಡಿನ ಅಂಚಿಗೆ ಕೆಂಪು ಮಾರ್ಜಿನ್ ಗೆರೆ ಬಂದಿದೆ ಎಂಬುದು ಗೊತ್ತಿರುತ್ತಿತ್ತು. ಅವನು ಪೊಲೀಸ್ ಆದಾಗ ತಪ್ಪುತ್ತಲೇ ಇರಲಿಲ್ಲ.

ಮಾಫಿಯಾದ ವಿಷಯದಲ್ಲೂ ನನ್ನ ತಕರಾರು ಇದೇ. ಇದು ಮುಖ ಓದುವ ಆಟ, ಸುಳ್ಳು ಹಿಡಿಯುವ ಆಟ ಎನ್ನುತ್ತಾರೆ. ಕಣ್ಣು ತಪ್ಪಿಸಿದ, ಜಾಸ್ತಿ ನಕ್ಕ, ಅದಕ್ಕೇ ಇವನೇ ಎನ್ನುತ್ತಾರೆ. ಹತ್ತು-ಹದಿನೈದು ವರ್ಷ ಆಡಿಸಿದ ಮೇಲೆ ನನಗನ್ನಿಸಿದ್ದು, ಮುಖದ ಪಾಲು ಕಡಿಮೆ. ಆಟವನ್ನು ನಡೆಸುವುದು ಯಾರೂ ನೋಡದ ಮೂರ್ನಾಲ್ಕು ಸಂಗತಿಗಳು: ಎಷ್ಟು ಜನ ಕೂತಿದ್ದಾರೆ, ರಾತ್ರಿಯ ಕೆಲಸ ಯಾವ ಸರದಿಯಲ್ಲಿ ನಡೆಯುತ್ತದೆ, ಆಡಿಸುವವನ ಗಂಟಲು ಎತ್ತ ತಿರುಗಿದೆ, ಅವನು ಏನನ್ನು ಹೇಳದೆ ಉಳಿಸಿಕೊಂಡಿದ್ದಾನೆ.

ಗಂಟಲಿನ ವಿಷಯ ಮೊದಲು. ಬಳೆ ಪ್ರಸಂಗದ ನಂತರ ನಾನು ಹಳೆಯ ಉಪಾಯಕ್ಕೆ ಮೊರೆಹೋದೆ: ರಾತ್ರಿ ಪೂರ್ತಿ ಎಲ್ಲರೂ ಎರಡೂ ಕೈಯಿಂದ ತೊಡೆ ತಟ್ಟುತ್ತಿರಬೇಕು. ಭಜನೆಗೆ ಕೂತ ಹಾಗೆ ಒಂದೇ ಸಮ ಸದ್ದು. ಬಳೆಯೂ ಅದರಲ್ಲಿ ಮುಳುಗಿತು. ಆದರೆ ಆಡಿಸುವವನ ಸದ್ದನ್ನು ಮುಳುಗಿಸುವವರು ಯಾರು? "ಮಾಫಿಯಾ, ಕಣ್ಣು ಬಿಡಿ" ಎನ್ನುವಾಗ ನನಗೆ ಗೊತ್ತಿಲ್ಲದೆಯೇ ನನ್ನ ಮುಖ ಮಾಫಿಯಾ ಕೂತಲ್ಲಿಗೆ ತಿರುಗುತ್ತಿತ್ತು, ದನಿಯೂ ಅತ್ತಲೇ ಹೋಗುತ್ತಿತ್ತು. ಕಿವಿ ಚುರುಕಿರುವ ಹುಡುಗಿಯೊಬ್ಬಳು ಎರಡೇ ಆಟದಲ್ಲಿ ಇದನ್ನು ಹಿಡಿದಳು. ಅಂದಿನಿಂದ ರಾತ್ರಿಯ ಮಾತನ್ನು ನಾನು ಮಾಡಿನ ತೊಲೆ ನೋಡಿಕೊಂಡು ಹೇಳುತ್ತೇನೆ.

ಇನ್ನೊಂದು, ಸತ್ತವರನ್ನು ಎಬ್ಬಿಸುವ ಕೆಲಸ. ಡಾಕ್ಟರ್ ಎರಡನೆಯ ರಾತ್ರಿಯೇ ಸತ್ತಿರುತ್ತಾನೆ. ಸತ್ತವರು ಚೀಟಿ ತೋರಿಸುವಂತಿಲ್ಲ ಎಂಬುದು ನಮ್ಮ ಮನೆಯ ಕಟ್ಟಳೆ. ಹಾಗಿರುವಾಗ ಮೂರನೆಯ ರಾತ್ರಿ ನಾನು ಡಾಕ್ಟರನ್ನು ಕರೆಯದೆ ಬಿಟ್ಟರೆ ಅವನು ಸತ್ತಿದ್ದಾನೆಂದು ಡಂಗುರ ಸಾರಿದಂತೆ. ಆದ್ದರಿಂದ ಕರೆಯಲೇಬೇಕು. "ಡಾಕ್ಟರ್, ಕಣ್ಣು ಬಿಡಿ. ಯಾರನ್ನ ಉಳಿಸ್ತೀರಿ?" ಎಂದು ಕೇಳಿ, ಇಲ್ಲದ ಮನುಷ್ಯ ಯೋಚಿಸುವಷ್ಟು ಹೊತ್ತು ಕಾದು, "ಸರಿ, ಮಲಗಿ" ಅನ್ನಬೇಕು. ಕಾಯುವ ಹೊತ್ತೂ ಹಿಂದಿನ ರಾತ್ರಿಯಷ್ಟೇ ಇರಬೇಕು. ಹೊಸಬರು ಆಡಿಸುವಾಗ ಇಲ್ಲೇ ಎಡವುತ್ತಾರೆ. ಖಾಲಿ ಜಾಗಕ್ಕೆ ಅರ್ಧ ನಿಮಿಷ ಕಾಯಲು ಅವರಿಗೆ ಮುಜುಗರ. ಐದು ಸೆಕೆಂಡಿಗೆ ಮುಗಿಸಿಬಿಡುತ್ತಾರೆ. ಜಾಣರು ಕಣ್ಣು ಮುಚ್ಚಿಕೊಂಡೇ ಎಣಿಸುತ್ತಿರುತ್ತಾರೆ.

ಈಗ ಜನರ ಎಣಿಕೆಗೆ ಬರುತ್ತೇನೆ. ಈ ಲೇಖನ ಬರೆಯಲು ಕೂತದ್ದೇ ಇದಕ್ಕಾಗಿ.

ಹೊಸಬರಿದ್ದಾರೆಂದು ಆವತ್ತು ಮೊದಲ ಸುತ್ತುಗಳಲ್ಲಿ ಪೊಲೀಸೂ ಬೇಡ, ಡಾಕ್ಟರೂ ಬೇಡ, ಎಂಟು ಜನರಿಗೆ ಒಬ್ಬನೇ ಮಾಫಿಯಾ ಎಂದು ಇಟ್ಟಿದ್ದೆ. ರಾತ್ರಿ ಒಬ್ಬರು ಹೋಗಿ ಬೆಳಿಗ್ಗೆ ಏಳು ಜನ ಓಟಿಗೆ ಕೂರುತ್ತಾರೆ. ತಪ್ಪಾಗಿ ಯಾರನ್ನೋ ಹೊರಗೆ ಹಾಕಿದರೆ ಆರು, ರಾತ್ರಿ ಇನ್ನೊಬ್ಬರು ಹೋದರೆ ಐದು, ಆಮೇಲೆ ಮೂರು. ಅಲ್ಲೂ ತಪ್ಪಿದರೆ ಇಬ್ಬರೇ ಉಳಿದು ಮಾಫಿಯಾ ಗೆಲ್ಲುತ್ತದೆ. ಅಂದರೆ ಊರಿಗೆ ಮೂರು ಓಟು: ಏಳರಲ್ಲಿ, ಐದರಲ್ಲಿ, ಮೂರರಲ್ಲಿ. ಮುಖ ನೋಡುವ ವಿದ್ಯೆ ಯಾರಿಗೂ ಇಲ್ಲ, ಎಲ್ಲರೂ ಕಣ್ಣು ಮುಚ್ಚಿ ಓಟು ಹಾಕುತ್ತಾರೆ ಎಂದೇ ಇಟ್ಟುಕೊಂಡು ಗುಣಿಸಿದರೆ ಮಾಫಿಯಾ ಪಾರಾಗುವ ಸಂಭವ ಏಳರಲ್ಲಿ ಆರು, ಐದರಲ್ಲಿ ನಾಲ್ಕು, ಮೂರರಲ್ಲಿ ಎರಡು. ಮೂರನ್ನೂ ಗುಣಿಸಿದರೆ ಸುಮಾರು ಶೇಕಡಾ 46. ಒಳ್ಳೆಯ ಆಟ; ಊರಿಗೆ ಒಂದು ಕೂದಲೆಳೆ ಮೇಲುಗೈ.

ಆ ಹೊತ್ತಿಗೆ ಅಡಿಕೆ ಲೆಕ್ಕ ಮುಗಿಸಿದ ಮಾವ ಬಂದು "ನಾನೂ ಕೂರ್ತೀನೋ" ಅಂದರು. ಕವಳ ಜಗಿಯುತ್ತ, ಯಾರಿಗೂ ಕೇಡು ಬಗೆಯದ ಮನುಷ್ಯ. ಊರಿಗೆ ಒಬ್ಬ ಒಳ್ಳೆಯವನು ಹೆಚ್ಚಾದ, ಬಲ ಬಂತು ಎಂದೇ ಎಲ್ಲರೂ ಜಾಗ ಬಿಟ್ಟುಕೊಟ್ಟರು.

ಈಗ ಒಂಬತ್ತು. ಮೊದಲ ರಾತ್ರಿ ಕಳೆದು ಓಟಿಗೆ ಕೂರುವವರು ಎಂಟು. ಆಮೇಲೆ ಆರು, ಆಮೇಲೆ ನಾಲ್ಕು, ಅಲ್ಲಿಗೆ ಮುಗಿಯಿತು. ಓಟು ಎಷ್ಟು? ಮತ್ತೆ ಮೂರೇ. ಆದರೆ ಪ್ರತಿ ಸಲವೂ ಅನುಮಾನಕ್ಕೆ ಒಂದು ಮುಖ ಹೆಚ್ಚು. ಎಂಟರಲ್ಲಿ ಏಳು, ಆರರಲ್ಲಿ ಐದು, ನಾಲ್ಕರಲ್ಲಿ ಮೂರು. ಗುಣಿಸಿದರೆ ಸುಮಾರು ಶೇಕಡಾ 55. ಒಬ್ಬ ಸಜ್ಜನ ಬಂದು ಕೂತದ್ದರಿಂದ ಕಳ್ಳನ ಗೆಲುವು 46ರಿಂದ 55ಕ್ಕೆ ಏರಿತು. ಪಾಪ, ಮಾವ ಮಾಡಿದ ತಪ್ಪಾದರೂ ಏನು? ಇನ್ನೊಬ್ಬರು ಬಂದು ಹತ್ತಾದರೆ ಓಟಿಗೆ ಕೂರುವವರು ಒಂಬತ್ತು. ಆಗ ನಾಲ್ಕನೆಯ ಓಟು ಸಿಗುತ್ತದೆ, ಮಾಫಿಯಾದ ಪಾಲು ಶೇಕಡಾ 41ಕ್ಕೆ ಇಳಿಯುತ್ತದೆ. ಹೀಗೆ ಬೆಸ-ಸಮದ ಮೇಲೆ ಊರಿನ ಹಣೆಬರಹ ಏರಿಳಿಯುತ್ತದೆ. ಪೋಲೆಂಡಿನ ಪಿಯೋತ್ರ್ ಮಿಗ್ದಾವ್ ಈ ಆಟದ ಮೇಲೆ ಬರೆದ ಗಣಿತದ ಪ್ರಬಂಧವೊಂದರಲ್ಲಿ ಬೆಸ-ಸಮದ ಈ ಪರಿಣಾಮವನ್ನೇ ಲೆಕ್ಕಹಾಕಿ ತೋರಿಸಿದ್ದಾನೆ.

ಇದಕ್ಕೆ ಮದ್ದೂ ಉಂಟು, ಆದರೆ ಅದನ್ನು ಕುಡಿಯುವವರಿಲ್ಲ. ಎಂಟು ಜನ ಓಟಿಗೆ ಕೂತ ಬೆಳಿಗ್ಗೆ ಯಾರನ್ನೂ ಹೊರಗೆ ಹಾಕದೆ ಸುಮ್ಮನೆ ಮಲಗಿಬಿಡಬೇಕು. ರಾತ್ರಿ ಒಬ್ಬರು ಸಾಯುತ್ತಾರೆ, ಏಳಾಗುತ್ತದೆ, ಮೂರು ಓಟು ಹಾಗೆಯೇ ಇರುತ್ತವೆ. ಇದನ್ನು ಜಗಲಿಯಲ್ಲಿ ಬಿಡಿಸಿ ಹೇಳಿದರೆ ಯಾರು ಕೇಳುತ್ತಾರೆ? ಕೈಕಟ್ಟಿ ಕೂರೋಣ ಎಂದವನೇ ಮಾಫಿಯಾ ಎಂದು ಅವನನ್ನೇ ಮೊದಲು ಹೊರಗೆ ಹಾಕುತ್ತಾರೆ. ಅಸಲಿಗೆ ಓಟು ಹಾಕದೆ ಇರಬಹುದೇ, ಸಮ ಓಟು ಬಂದರೆ ಏನು ಎಂಬುದನ್ನೆಲ್ಲ ಆಡಿಸುವವರು ಮೊದಲೇ ಹೇಳಿರುವುದೂ ಇಲ್ಲ.

ಡಾಕ್ಟರನ ಕತೆ ಇನ್ನೂ ವಿಚಿತ್ರ. ಏಳರ ಓಟು ತಪ್ಪಿ ಆರು ಜನ ಮಲಗಿದ್ದಾರೆ. ಆ ರಾತ್ರಿ ಡಾಕ್ಟರ್ ಸರಿಯಾದವರನ್ನೇ ಉಳಿಸಿದ. ಬೆಳಿಗ್ಗೆ ಯಾರೂ ಸತ್ತಿಲ್ಲ, ಚಪ್ಪಾಳೆ. ಆದರೆ ಓಟಿಗೆ ಕೂತವರು ಐದರ ಬದಲು ಆರು. ಐದಾಗಿದ್ದರೆ ಇನ್ನೆರಡು ಓಟು, ಆರಾದರೂ ಎರಡೇ. ಬರಿಯ ಎಣಿಕೆಯಲ್ಲಿ ನೋಡಿದರೆ ಒಂದು ಜೀವ ಉಳಿಸಿದ್ದರಿಂದ ಮಾಫಿಯಾದ ಪಾಲು ಶೇಕಡಾ 53ರಿಂದ 63ರ ಹತ್ತಿರಕ್ಕೆ ಏರಿತು! ಎರಡನೆಯ ಜೀವ ಉಳಿಸಿದಾಗಲೇ ಒಂದು ಓಟು ದಕ್ಕುವುದು. ಹಾಗಾದರೆ ಡಾಕ್ಟರ್ ದಂಡವೇ? ಅಲ್ಲ. ಉಳಿಸಿದ್ದರಲ್ಲಿ ಒಂದು ಸುದ್ದಿ ಇದೆ. ಮಾಫಿಯಾ ಕೈ ಇಟ್ಟದ್ದು ಇವರ ಮೇಲೆಯೇ, ಆದ್ದರಿಂದ ಇವರು ಖಂಡಿತ ಮಾಫಿಯಾ ಅಲ್ಲ ಎಂಬುದು ಡಾಕ್ಟರನಿಗೆ ತಿಳಿಯಿತು. ಜೀವಕ್ಕಿಂತ ಆ ಸುದ್ದಿಗೆ ಬೆಲೆ ಹೆಚ್ಚು, ಅದನ್ನು ತಾನು ಸಾಯುವ ಮೊದಲು ಬಾಯಿಬಿಟ್ಟರೆ.

ಮಾಫಿಯಾ ಎಷ್ಟು ಮಂದಿ ಇರಬೇಕು ಎಂಬುದೂ ಅಂದಾಜಿನ ಮಾತಲ್ಲ. ಓಟಿಗೆ ಕೂತ ಏಳರಲ್ಲಿ ಇಬ್ಬರು ಮಾಫಿಯಾ ಆಗಿದ್ದರೆ ಅದೇ ಲೆಕ್ಕದಲ್ಲಿ 46 ಹಾರಿ 77 ಆಗುತ್ತದೆ. ಇದನ್ನು ದೊಡ್ಡದಾಗಿ ಕೇಳಿಕೊಂಡವರು ಮಾರ್ಕ್ ಬ್ರಾವರ್ಮನ್, ಒಮಿದ್ ಎತೆಸಾಮಿ, ಎಲ್ಕಾನನ್ ಮೊಸೆಲ್ ಎಂಬ ಮೂವರು. 2008ರಲ್ಲಿ ಅವರು ಪ್ರಕಟಿಸಿದ ಪ್ರಬಂಧದ ಪ್ರಕಾರ ಪೊಲೀಸ್ ಇಲ್ಲದ ಆಟ ಸಮಬಲವಾಗಿರಬೇಕಾದರೆ ಮಾಫಿಯಾದ ಸಂಖ್ಯೆ ಊರಿನ ಸಂಖ್ಯೆಯ ವರ್ಗಮೂಲದಂತೆ ಬೆಳೆಯಬೇಕು. ಊರು ನಾಲ್ಕು ಪಟ್ಟಾದರೆ ಮಾಫಿಯಾ ಎರಡು ಪಟ್ಟಾದರೆ ಸಾಕು. ದೊಡ್ಡ ಗುಂಪಿನಲ್ಲಿ ಹಿಡಿಯಷ್ಟು ಜನ ಇಡೀ ಊರನ್ನು ಆಟ ಆಡಿಸಬಲ್ಲರು ಎಂಬುದಕ್ಕೆ ಗಣಿತವೇ ಸಾಕ್ಷಿ. ಪೊಲೀಸ್ ಬಂದೊಡನೆ ಚಿತ್ರ ಬದಲಾಗುತ್ತದೆ: ಆಗ ಊರಿನಲ್ಲಿ ಇಂತಿಷ್ಟು ಪಾಲು ಎನ್ನುವಷ್ಟು ಮಾಫಿಯಾ ಇದ್ದರೂ ಊರು ಎದುರು ನಿಲ್ಲುತ್ತದೆ. ತಿಳಿದವನು ಒಬ್ಬ ಸೇರಿದರೆ ಆಗುವ ವ್ಯತ್ಯಾಸ ಅದು.

ಇಲ್ಲಿಯವರೆಗಿನದು ಅಡಗಿದ್ದರೂ ಎಲ್ಲರ ಕಣ್ಣೆದುರೇ ಇರುವ ಲೆಕ್ಕ. ಕೂತು ಎಣಿಸಿದರೆ ಯಾರಿಗೂ ಸಿಗುತ್ತದೆ. ಬೇಕೆಂದೇ ಅಡಗಿಸಿಟ್ಟ ಕೀಲುಗಳ ಮಾತು ಬೇರೆ.

ಆಟ ಹಳತಾದಂತೆ ಆಡಿಸುವವರಿಗೆ ಚಪಲ ಹೆಚ್ಚುತ್ತದೆ. ಪೊಲೀಸ್ ತೋರಿಸಿದಾಗ ಅಮಾಯಕನಂತೆ ಕಾಣುವ 'ಗಾಡ್‌ಫಾದರ್' ಬಂದ. ಊರಿನವನೇ ಆದರೂ ಪೊಲೀಸಿನ ಕಣ್ಣಿಗೆ ಅಪರಾಧಿಯಾಗಿ ಬೀಳುವ 'ಮಿಲ್ಲರ್' ಬಂದ. ಕೆಲವೊಮ್ಮೆ ಆ ಪಾಪದವನಿಗೆ ತಾನು ಮಿಲ್ಲರ್ ಎಂಬುದನ್ನೂ ಹೇಳಿರುವುದಿಲ್ಲ. ಆಮೇಲೆ ತಲೆಕೆಟ್ಟ ಪೊಲೀಸ್ ಬಂದ: ಅವನ ಚೀಟಿಯಲ್ಲಿ ಬರಿ 'ಪೊಲೀಸ್' ಎಂದಿರುತ್ತದೆ, ಆದರೆ ಅವನಿಗೆ ಸಿಗುವ ಉತ್ತರವೆಲ್ಲ ತಿರುಗುಮುರುಗು. ಎಲ್ಲರೂ ಒಳ್ಳೆಯವರೆಂದು ಕಾಣುವ ಪೊಲೀಸ್, ಎಲ್ಲರೂ ಕಳ್ಳರೆಂದು ಕಾಣುವ ಪೊಲೀಸ್ ಎಂಬ ತಮ್ಮಂದಿರೂ ಅವನಿಗೆ ಇದ್ದಾರೆ.

ಒಮ್ಮೆ ಹಾಸ್ಟೆಲಿನಲ್ಲಿ ನಾನೇ ಆ ಪೊಲೀಸ್ ಆಗಿದ್ದೆ. ಮೂರು ರಾತ್ರಿ ಕಷ್ಟಪಟ್ಟು ವಿಚಾರಿಸಿ, ಮೂರು ಬೆಳಿಗ್ಗೆ ಗಂಟಲು ಹರಿದುಕೊಂಡು ವಾದಿಸಿ, ನನ್ನ ಮಾತು ನಂಬಿದ ಊರಿನ ಕೈಯಿಂದ ಮೂವರು ನಿರಪರಾಧಿಗಳನ್ನು ಹೊರಗೆ ಹಾಕಿಸಿದೆ. ಕೊನೆಯಲ್ಲಿ ಆಡಿಸಿದವನು ನಗುತ್ತ "ನೀನು ತಲೆಕೆಟ್ಟ ಪೊಲೀಸ್ ಕಣೋ" ಅಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ಮಾತ್ರ ಇವತ್ತಿಗೂ ನಗು ಬಂದಿಲ್ಲ. ಸೋತದ್ದಕ್ಕಲ್ಲ, ಇಂಥ ಪೊಲೀಸ್ ಒಬ್ಬ ಇರಬಹುದು ಎಂಬ ಸುಳಿವೂ ಇರದಿದ್ದರೆ ಆಟಗಾರ ಯೋಚಿಸುವುದಾದರೂ ಯಾವುದನ್ನು ಹಿಡಿದು?

ಇದೇ ಹುಚ್ಚನ್ನು ಸರಿಯಾಗಿ ಪಳಗಿಸಿದವನು ಆಸ್ಟ್ರೇಲಿಯಾದ ಸ್ಟೀವನ್ ಮೆಡ್ವೇ. ಅವನ 'ಬ್ಲಡ್ ಆನ್ ದ ಕ್ಲಾಕ್‌ಟವರ್' ಆಟದಲ್ಲಿ 'ಕುಡುಕ' ಎಂಬ ಪಾತ್ರವಿದೆ. ಅವನ ಕೈಗೆ ಬರುವ ಬಿಲ್ಲೆಯಲ್ಲಿ ಬೇರೆ ಯಾವುದೋ ಒಳ್ಳೆಯ ಪಾತ್ರದ ಹೆಸರಿರುತ್ತದೆ, ತಾನು ಕುಡುಕನೆಂದು ಅವನಿಗೇ ತಿಳಿಯದು, ಸಿಗುವ ಮಾಹಿತಿ ಸುಳ್ಳಿರಬಹುದು. ಕಣಿ ಹೇಳುವವಳೊಬ್ಬಳಿದ್ದಾಳೆ, ಅವಳ ಕಣ್ಣಿಗೆ ಒಬ್ಬ ಒಳ್ಳೆಯ ಮನುಷ್ಯ ಆಟವಿಡೀ ರಾಕ್ಷಸನಾಗಿಯೇ ಕಾಣುತ್ತಾನೆ. ಆದರೆ ಎಲ್ಲ ಪಾತ್ರಗಳ ಪಟ್ಟಿ ಮೊದಲೇ ಪ್ರತಿಯೊಬ್ಬರ ಕೈಯಲ್ಲೂ ಇರುತ್ತದೆ. ಯಾರು ಕುಡುಕ ಎಂಬುದು ಗುಟ್ಟು. ಕುಡುಕನೊಬ್ಬ ಇರಬಹುದು ಎಂಬುದು ಗುಟ್ಟಲ್ಲ. ಹಾಗಾಗಿ "ನಾನೇ ಕುಡುಕನಿರಬಹುದೇ?" ಎಂದು ತನ್ನನ್ನೇ ಅನುಮಾನಿಸುವುದೂ ಅಲ್ಲಿ ಒಂದು ಜಾಣತನ. ಎಣಿಕೆಯೂ ಸುಳಿವು ಕೊಡುತ್ತದೆ. ಏಳು ಜನರ ಆಟದಲ್ಲಿ ಕುಡುಕನಂಥ 'ಹೊರಗಿನವರು' ಒಬ್ಬರೂ ಇರಬಾರದು, ಎಂಟಾದರೆ ಒಬ್ಬ, ಒಂಬತ್ತಾದರೆ ಇಬ್ಬರು. ಏಳರ ಆಟದಲ್ಲಿ ಯಾರಾದರೂ ನಾನು ಹೊರಗಿನವನು ಎಂದರೆ ಒಂದೋ ಅವನು ಸುಳ್ಳುಗಾರ, ಇಲ್ಲವೇ ಹೊರಗಿನವರನ್ನು ಇಬ್ಬರಷ್ಟು ಹೆಚ್ಚಿಸುವ 'ಬ್ಯಾರನ್' ಎಂಬ ದುಷ್ಟ ಎಲ್ಲೋ ಕೂತಿದ್ದಾನೆ. ಇಷ್ಟು ನೇರ್ಪಾಗಿ ಗುಟ್ಟು ಕಟ್ಟಿದ ಇನ್ನೊಂದು ಆಟವನ್ನು ನಾನು ಕಂಡಿಲ್ಲ.

ಹಾಗಾಗಿ ಆಡಿಸುವವನಾಗಿ ನನ್ನದೊಂದು ನೇಮ. ಯಾರ ಕೈಯಲ್ಲಿ ಯಾವ ಚೀಟಿ ಎಂಬುದನ್ನು ಎಷ್ಟು ಬೇಕಾದರೂ ಮುಚ್ಚಿಡು. ಚೀಟಿಗಳಲ್ಲಿ ಏನೇನಿದೆ ಎಂಬುದನ್ನು ಮುಚ್ಚಿಡಬೇಡ. ಪ್ರತಿ ಆಟಕ್ಕೂ ಮೊದಲು ಗಟ್ಟಿಯಾಗಿ ಹೇಳುತ್ತೇನೆ: ಒಬ್ಬ ಮಾಫಿಯಾ, ಒಬ್ಬ ಪೊಲೀಸ್, ಒಬ್ಬ ಡಾಕ್ಟರ್, ಉಳಿದವರು ಊರಿನವರು. ಯಾಕೆಂದರೆ ಊರಿನ ದೊಡ್ಡ ಆಯುಧ ನಿಂತಿರುವುದೇ ಇದರ ಮೇಲೆ. ಒಬ್ಬ ಎದ್ದು "ನಾನು ಡಾಕ್ಟರ್" ಎಂದಾಗ, ನಿಜವಾದ ಡಾಕ್ಟರ್ ಬದುಕಿದ್ದರೆ "ಸುಳ್ಳು, ನಾನು" ಎನ್ನುತ್ತಾನೆ. ಯಾರೂ ಏಳದಿದ್ದರೆ ಬಹುತೇಕ ಅವನು ಹೇಳಿದ್ದೇ ನಿಜ.

ರಾತ್ರಿ ಹನ್ನೊಂದರ ಹೊತ್ತಿಗೆ ನನ್ನ ಗಂಟಲು ಕಟ್ಟಿತು. "ನೀ ಆಡು, ನಾ ದೇವರಾಗ್ತೀನಿ" ಎಂದು ಸಣ್ಣತ್ತೆ ನನ್ನ ಜಾಗಕ್ಕೆ ಬಂದರು. ಬಳೆ ಸದ್ದಾಗದಂತೆ ಸೆರಗನ್ನು ಎರಡೂ ಮುಂಗೈಗೆ ಬಿಗಿಯಾಗಿ ಸುತ್ತಿಕೊಂಡರು. ಚೀಟಿ ಅವರೇ ಬರೆದರು, ಒಲೆಯ ಹತ್ತಿರ ಹೋಗಿ, ಯಾರಿಗೂ ಕಾಣದಂತೆ. ಒಂಬತ್ತು ಜನ ಕೂತೆವು. ರಾತ್ರಿಯ ಮಾತನ್ನು ಅವರು ಅದ್ಭುತವಾಗಿ ಹೇಳಿದರು. ಮುಖ ತೊಲೆಯ ಕಡೆಗೆ, ದನಿ ಒಂದೇ ಹದ. "ಡಾಕ್ಟರ್, ಕಣ್ಣು ಬಿಡಿ. ಯಾರನ್ನ ಉಳಿಸ್ತೀರಿ? ... ಹೂಂ. ಸರಿಯಾಗಿ ಯೋಚ್ನೆ ಮಾಡಿ. ... ಆಯ್ತು, ಮಲಗಿ."

ಎರಡನೆಯ ಬೆಳಿಗ್ಗೆ ಅನುಮಾನವೆಲ್ಲ ಚಿಕ್ಕಪ್ಪನ ಮಗನ ಮೇಲೆ ಬಿತ್ತು. ಕೈ ಎತ್ತುವುದರೊಳಗೆ ಅವನು ಎದ್ದುನಿಂತು "ತಡೀರಿ, ನಾನು ಡಾಕ್ಟರ್" ಅಂದ. ನಾನು ಒಬ್ಬೊಬ್ಬರ ಮುಖವನ್ನೂ ನೋಡಿದೆ. ಬೇರೆ ಯಾರೂ ಏಳಲಿಲ್ಲ. ನಾನೇ ಮುಂದಾಗಿ, ಮೇಲೆ ಹೇಳಿದ ತತ್ವವನ್ನೆಲ್ಲ ಊರಿಗೆ ಬೋಧಿಸಿ, ಅವನನ್ನು ಬಿಡಿಸಿದೆ. ಅವನ ಬದಲು ಮಾವ ಹೊರಗೆ ಹೋದರು.

ಆಟ ಮುಗಿದಾಗ ಮಾಫಿಯಾ ಗೆದ್ದಿತ್ತು. ಚೀಟಿಗಳನ್ನು ಲೈಟಿನ ಕೆಳಗೆ ಬಿಡಿಸಿಟ್ಟೆವು. ಚಿಕ್ಕಪ್ಪನ ಮಗನದು ಮಾಫಿಯಾ. ಉಳಿದ ಎಂಟೂ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದೆ. ಡಾಕ್ಟರ್ ಎಂಬ ಚೀಟಿಯೇ ಇರಲಿಲ್ಲ.

"ಇದು ಮೋಸ ಅತ್ತೆ" ಅಂದೆ. "ಪ್ರತಿ ರಾತ್ರಿ ಡಾಕ್ಟರನ್ನ ಎಬ್ಬಿಸಿದ್ರಲ್ಲ ನೀವು!"

ಅತ್ತೆ ಮುಂಗೈಗೆ ಸುತ್ತಿದ್ದ ಸೆರಗು ಬಿಚ್ಚುತ್ತಿದ್ದರು. "ಕರೆದೆ ಅಷ್ಟೆ ಕಣೋ. ಇದಾರೆ ಅಂತ ಯಾವಾಗ ಅಂದೆ? ನೀವ್ಯಾರಾದ್ರೂ ಕೇಳಿದ್ರಾ?"